ಮದುವೆ ಡಿವಿಡಿಯೊಳಗಿನ ನಿರ್ದೇಶಕರು

ಹೊಳಲ್ಕೆರೆಯಲ್ಲಿ ನಮ್ಮಕ್ಕನ ಮದುವೆಯ ವಿಡಿಯೊ ತೆಗೆದ ಸ್ಟುಡಿಯೊ ಮಾಲೀಕರು ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಯಾವುದೋ ಸಿನಿಮಾದ ಡಿವಿಡಿಯಲ್ಲಿ ದೃಶ್ಯಗಳ ಮೇಲೆ ನಿರ್ದೇಶಕ ಮಾತಾಡುವುದನ್ನು ಕೇಳಿದ್ದೇ ತಡ, ತಾವು ತೆಗೆದ ಮದುವೆಗಳಿಗೂ ಹಾಗೆಯೇ ವಿವರಣೆ ಕೊಡತೊಡಗಿದರು. ಸಿನಿಮಾದಲ್ಲಾದರೆ ಆ ಮಾತು ಬೇಡವೆಂದು ನಿಲ್ಲಿಸಬಹುದು. ಇವರು ಮದುವೆಯ ಸದ್ದಿನ ಮೇಲೆಯೇ ತಮ್ಮ ದನಿ ಕೂರಿಸಿ, ಮೂಲವನ್ನು ಅಳಿಸಿಬಿಡುತ್ತಿದ್ದರು.

ಅಜ್ಜಿಗೆ ಲಕ್ವಾ ಹೊಡೆದು ಮಾತು ನಿಂತಾಗ, ಮದುವೆಯಲ್ಲಿ ಆಕೆ ಹೇಳಿದ ಸೋಬಾನೆ ಪದ ಕೇಳೋಣವೆಂದು ಡಿವಿಡಿ ಹಾಕಿದೆವು. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಕೇಳಿಸಿದ್ದು ಮಾತ್ರ ಇವರ ದನಿ: "ಈ ಶಾಟ್ ಹೆಂಗ್ ತಗ್ದೆ ಗೊತ್ತೇನ್ರಿ? ಅಕ್ಕಿ ಮೂಟೆ ಮ್ಯಾಲೆ ನಿಂತ್ಕಂಡು!"

ನನ್ನ ಡೈರಿಯ ಪ್ರಕಾರ ಮೂರು ಸಲ ಸ್ಟುಡಿಯೊಗೆ ಹೋಗಿ ಜಗಳವಾಡಿದ್ದೇನೆ. ಮೂರನೆಯ ಸಲ, "ತಡಿಯಪ್ಪ, ಬೋನಸ್‌ನಾಗೆ ಅಜ್ಜಿ ದನಿ ಐತೆ. ನಾನೇ ಬಂದು ತೋರಿಸ್ತೀನಿ," ಎಂದು ಮನೆಗೇ ಬಂದರು. ಬೋನಸ್ ಎಂದರೆ, ತಾವು ಕ್ಯಾಮೆರಾ ಹೊತ್ತು ಓಡಾಡಿದ್ದನ್ನು ಹೆಂಡತಿಯಿಂದ ತೆಗೆಸಿಕೊಂಡು ಡಿವಿಡಿಯ ಕೊನೆಗೆ ಸೇರಿಸಿದ್ದ ತುಣುಕು.

ಅಜ್ಜಿಯನ್ನು ಟಿವಿಯ ಮುಂದೆ ಕೂರಿಸಿದೆವು. ಕೊನೆಗೂ ಅವಳ ದನಿ ಸ್ಪಷ್ಟವಾಗಿ ಬಂತು: "ಲೇ, ಒಂದೀಟು ಬಾಯಿ ಮುಚ್ಕಂಡು ತಗಿಯಪ್ಪ! ಪದ ಹೇಳಾಕೆ ಬಿಡು!"

ಅಷ್ಟೇ. ಪದ ಅದರಲ್ಲೂ ಇರಲಿಲ್ಲ.

ಅಜ್ಜಿ ಟಿವಿಯತ್ತ ಬೆರಳು ತೋರಿಸಿ, ಆಮೇಲೆ ಇವರತ್ತ ತೋರಿಸಿ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳ ಗಂಟಲಿಂದ ಸದ್ದು ಹೊರಟದ್ದು ಅದೇ ಮೊದಲು. ಅದೂ ನನಗೆ ಪೂರ್ತಿ ಕೇಳಲಿಲ್ಲ.

"ನೋಡು ತಮ್ಮ, ಅಜ್ಜಿಗೆ ಹಿಡಿಸೈತೆ," ಎಂದು ಇವರು ಆಗಲೇ ಆ ಶಾಟ್‌ನ ಬೆಳಕಿನ ಬಗ್ಗೆ ವಿವರಣೆ ಶುರುಮಾಡಿದ್ದರು.