ಒರೆಸಿ ಹಾಕಿದ ಮಗ್ಗದ ಸದ್ದು

ಈಗಷ್ಟೇ ಕರೆಂಟು ಹೋಯಿತು. ಟಿವಿಯ ಹಿಂದೆ ಸದಾ ಉರಿಯುವ ಕೆಂಪು ಚುಕ್ಕೆ ಆರಿದ್ದೇ ತಡ, ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಕರೆಂಟು ಹೋದರೆ ನೀವು ಫ್ಯಾನಿನ ಕಡೆ ನೋಡುತ್ತೀರಿ. ನಾನು ಆ ಚುಕ್ಕೆಯ ಕಡೆ.

ಅದು ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರಿನ ದೀಪ. ಕಂಪ್ಯೂಟರೆಂದರೆ ಒಂದು ಹಸಿರು ಹಲಗೆ ಅಷ್ಟೆ. ಮೆಮೊರಿ ಕಾರ್ಡಿಗೆ ತಂತ್ರಾಂಶ ತುಂಬಿ ಟಿವಿಗೆ ವೈರು ಜೋಡಿಸಿದರೆ ಮನೆಯ ಹಾಡು, ಫೋಟೊ, ಮದುವೆಯ ವಿಡಿಯೊ ಎಲ್ಲ ಅದರಿಂದಲೇ ಬರುತ್ತವೆ, ಫೋನೇ ರಿಮೋಟು ಎಂದು ಓದಿದ್ದೆ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆಂದು ಮಾತ್ರ ಓದಿರಲಿಲ್ಲ. ಮೂಡಿದಾಗ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಅಂಗಳದಲ್ಲಿ ನಿಂತೆ. ಹಳೇ ಫೋನಿನ ಚಾರ್ಜರು ಸಾಲುತ್ತಿಲ್ಲ ಎಂದು ಅದು ಹೇಳುತ್ತಿತ್ತಂತೆ. ದೊಡ್ಡದು ಹಾಕಿದ ಮೇಲೆ, ಬಿಸಿಯಾಯಿತೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡತೊಡಗಿದೆ. “ಅದಕ್ಕೇನೂ ಆಗಿಲ್ರಿ, ಜ್ವರ ಬಂದದ್ದು ನಿಮಗ,” ಎಂದಳು ಹೆಂಡತಿ.

ಇಷ್ಟೆಲ್ಲ ಚಿಗವ್ವನ ಸಲುವಾಗಿ. ಬೆಟಗೇರಿಯ ನಮ್ಮ ಚಿಗವ್ವ, ಅಪ್ಪನ ತಮ್ಮ ಕಾಕಾನ ಹೆಂಡತಿ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಆರೈಕೆಗೆಂದು ಗದಗಿನ ನಮ್ಮ ಮನೆಗೆ ಬಂದಿದ್ದಳು. ಬಗ್ಗಬಾರದು, ಧಡಕ್ಕನೆ ಏಳಬಾರದು, ಬಿದ್ದು ಪೆಟ್ಟಾದರೆ ಕಣ್ಣು ಕೈಬಿಟ್ಟಂತೆ ಎಂದು ಡಾಕ್ಟರು ಹೆದರಿಸಿದ್ದರು. ಹೆದರಿದವನು ನಾನೊಬ್ಬನೇ. ಚಿಗವ್ವ ಕಪ್ಪು ಕನ್ನಡಕ ಹಾಕಿಕೊಂಡು ಕಸಬರಿಗೆ ಹುಡುಕುತ್ತಿದ್ದಳು. ಅವಳನ್ನು ಕೂಡಿಸಬಲ್ಲದ್ದು ಒಂದೇ ಎಂದು ನನಗೆ ಹೊಳೆಯಿತು: ತೀರಿಹೋದ ಕಾಕಾನ ದನಿ.

ಕಾಕಾ ಕೈಮಗ್ಗದಲ್ಲಿ ಸೀರೆ ನೇಯುತ್ತ ಭಜನೆಯ ಪದ ಹಾಡುತ್ತಿದ್ದ. ಕೈ ನಿಂತರೆ ಪದ ಮರೆತುಹೋಗುತ್ತಿತ್ತು. ಹಾಗಾಗಿ ಗೆಳೆಯನೊಬ್ಬ ಟೇಪ್ ರೆಕಾರ್ಡರನ್ನು ಮಗ್ಗದ ಪಕ್ಕದಲ್ಲೇ ಇಟ್ಟು ತುಂಬಿಕೊಟ್ಟ ಕ್ಯಾಸೆಟ್ಟೊಂದು ನನ್ನ ಬಳಿ ಇತ್ತು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಮೇಲೆ ಹಳೇ ಯಂತ್ರ ರೀಲನ್ನು ನುಂಗಿಬಿಟ್ಟಿತು. ಗಾಬರಿಯಾಗಿ ಒಂದು ಪೆನ್‌ಡ್ರೈವಿಗೆ ನಕಲು ಹಾಕಿ ಕಪಾಟಿನಲ್ಲಿಟ್ಟೆ. ಕಪಾಟಿಗೇನಾದರೂ ಆದರೆ ಎಂದು ಇನ್ನೊಂದನ್ನು ಜೋಳದ ಡಬ್ಬಿಯಲ್ಲಿ. “ಕಳ್ಳ ಬಂದು ಜ್ವಾಳಾನ ಹೊತ್ಕೊಂಡು ಹೋದ್ರ?” ಎಂದು ಹೆಂಡತಿ ಕೇಳಿದಳು. ಅಂದಿನಿಂದ ಕಳ್ಳರ ಚಿಂತೆಯೂ ಸೇರಿಕೊಂಡಿತು.

ಕೇಳಿ ನೋಡಿದರೆ ಪದಕ್ಕಿಂತ ಮಗ್ಗದ ಖಟ್ ಖಟ್ ಜೋರು. ದನಿಯನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಒರೆಸುವ ತಂತ್ರಾಂಶ ಸಿಕ್ಕಿತು. ಒರೆಸಿದೆ. ನಡುವಿನ ಮಾತುಕತೆಯನ್ನೂ ಕತ್ತರಿಸಿದೆ. ಕಾಕಾನ ಪದ ಬೆಳಗಿಟ್ಟ ತಾಟಿನಂತಾಯಿತು.

ಚಿಗವ್ವನನ್ನು ಮಂಚದ ಮೇಲೆ ಕೂಡಿಸಿ ಫೋನು ಒತ್ತಿದೆ. ದನಿ ಬಂದೊಡನೆ ಅವಳ ಮುಖ ಅರಳಿತು. ಆಮೇಲೆ ಸೆರಗು ಜಗ್ಗಿಕೊಂಡಳು, ಕಾಲು ಕೆಳಗಿಟ್ಟಳು, ಮೇಲೆತ್ತಿದಳು. ನೋಡುನೋಡುತ್ತಿದ್ದಂತೆ ಧಡಕ್ಕನೆ ಎದ್ದೇಬಿಟ್ಟಳು. ಟಿವಿಯ ವೈರು ಕಾಲಿಗೆ ತೊಡರಿ ಮುಗ್ಗರಿಸಿದವಳನ್ನು ಹೇಗೋ ಹಿಡಿದುಕೊಂಡೆ.

“ಎಲ್ಲಿ ಹೊಂಟಿ ಚಿಗವ್ವಾ?”

“ಮಗ್ಗ ನಿಂತೈತಲ್ಲೋ. ಎಳಿ ಹರದಿರಬೇಕು.”

ಅಂದವಳೇ ನಾಚಿಕೊಂಡಳು. ಮಗ್ಗ ಮಾರಿ ಎಷ್ಟೋ ಕಾಲವಾಗಿದೆ. ಆದರೆ ಆ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅವಳ ಕಿವಿ ಮಗ್ಗದ ಮೇಲೇ ಇರುತ್ತಿತ್ತು. ಸದ್ದು ನಡೆದಿದ್ದರೆ ಎಲ್ಲ ಸುರಳೀತ. ನಿಂತರೆ ಓಡಬೇಕು, ಕಾಕಾನ ಬೆರಳು ದಪ್ಪ, ಹರಿದ ರೇಷ್ಮೆ ಎಳೆಗೆ ಗಂಟು ಹಾಕುವುದು ಅವಳ ಕೆಲಸ. ನಾನು ಆ ಸದ್ದನ್ನೇ ಒರೆಸಿ, ಆರಾಮ ಕೂತು ಕೇಳು ಎಂದಿದ್ದೆ.

ಲ್ಯಾಪ್‌ಟಾಪಿನಲ್ಲಿ ಅಸಲಿ ಇರಲಿಲ್ಲ. ಒರೆಸಿದ್ದನ್ನು ಅದರ ಮೇಲೇ ಉಳಿಸಿದ್ದೆ. ಕಪಾಟಿನ ಪೆನ್‌ಡ್ರೈವು ತೆರೆಯಲೊಲ್ಲದು. ಮೊಣಕೈವರೆಗೆ ಜೋಳದೊಳಗೆ ಕೈ ಹಾಕಿ ತಡಕಾಡುವಾಗ, ಜೀವಮಾನದ ಚಿಂತೆಗಳಲ್ಲಿ ಒಂದಾದರೂ ಕೆಲಸಕ್ಕೆ ಬರಲಿ ಎಂದುಕೊಂಡೆ. ಬಂತು.

ಈ ಸಲ ಖಟ್ ಖಟ್ ಮೊದಲು ಬಂತು, ಹಿಂದಿನಿಂದ ಕಾಕಾ. ಚಿಗವ್ವನ ಭುಜ ಸಡಿಲಾಯಿತು. ಗೋಡೆಗೆ ಒರಗಿ ಬೆಳ್ಳುಳ್ಳಿ ಕೇಳಿದಳು, ನೋಡದೆಯೇ ಸುಲಿಯತೊಡಗಿದಳು. ಪದ ಅರ್ಧಕ್ಕೆ ಬಂದಾಗ ಟಿವಿಯೊಳಗೇ ಮಗ್ಗ ನಿಂತಿತು. ಚಿಗವ್ವನ ಕೈಯೂ ನಿಂತಿತು. ಹಿಡಿಯಲು ನಾನು ಹಾರಿದೆ.

“ಏ, ಎಳಿ ಹರೀತ್ ನೋಡು,” ಎಂದಿತು ಕಾಕಾನ ದನಿ.

“ಬಂದೆ, ತಡೀರಿ.” ದೂರದಿಂದ ಹರೆಯದ ಹೆಂಗಸಿನ ದನಿ, ಬಳೆಯ ಸದ್ದು. ಅಂದಿನ ಚಿಗವ್ವ. ನಾನು ಕತ್ತರಿಸಿ ಎಸೆದದ್ದು ಇದನ್ನೇ.

ಅರ್ಧ ಎದ್ದಿದ್ದ ಚಿಗವ್ವ ಹಾಗೇ ಕೇಳಿಸಿಕೊಂಡಳು. ಮೆಲ್ಲಗೆ ಮತ್ತೆ ಕೂತಳು.

“ಗಂಟು ಹಾಕಾಕ ಅಕಿ ಹೋದ್ಲಲ್ಲ, ಬಿಡು,” ಎಂದು ಬೆಳ್ಳುಳ್ಳಿ ಎತ್ತಿಕೊಂಡಳು.

ಕಣ್ಣು ನೆಟ್ಟಗಾಗಿ ಅವಳು ಬೆಟಗೇರಿಗೆ ಮರಳಿದ್ದಾಳೆ. ಇಲ್ಲೀಗ ಕರೆಂಟು ಬಂತು. ಆ ಹಲಗೆ ಚಾಲೂ ಆಗಲು ತುಸು ಹೊತ್ತು ಬೇಕು. ಮೊದಲಾದರೆ ಅಲ್ಲಿಯವರೆಗೆ ಅದರ ಮುಂದೆ ನಿಂತಿರುತ್ತಿದ್ದೆ.

“ಮುಟ್ಟಿ ನೋಡಾಕ ಹೋಗಲಿಲ್ಲೇನ್ರಿ?” ಅಡುಗೆಮನೆಯಿಂದ ಹೆಂಡತಿ.

“ಹೋದೆ, ತಡಿ,” ಎಂದೆ. ಕೂತೇ ಇದ್ದೇನೆ.