ಹತ್ತಿರ ನೆಟ್ಟ ಸರಳು

ಇನ್ನೊಂದು ಗುಂಡಿ ತೋಡುವ ಖರ್ಚು ಉಳಿಸಲು ನಾನು ಸುಳ್ಳು ಅಳತೆ ತೋರಿಸಿದೆ. ಅದಕ್ಕೆ ಜೈನಬಿಯವರ ಬಲಗೈ ಬೆರಳುಗಳು ಹೋದವು. ಅವರ ತಮ್ಮ ಕರೀಮನಿಗೆ ಅಕ್ಕನ ಮನೆ ಇಲ್ಲದಾಯಿತು. ನನಗೆ ಏನೂ ಆಗಲಿಲ್ಲ — ಅದೇ...

ಎಪ್ಪತ್ತರ ದಶಕ. ಆದಿವಾಲದಲ್ಲಿ ಜೈನಬಿಯವರ ಗಂಡ ರಹಮತ್ ಸಾಬರು ಹಿಟ್ಟಿನ ಗಿರಣಿ ಹಾಕಿದರು. ವೈರಿಂಗ್ ಗುತ್ತಿಗೆ ನನ್ನದು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿ ತೋಡಿದರೆ ಸೊಂಟದಾಳಕ್ಕೇ ಬಂಡೆ. ಹಿಂದಿನ ಕಾಲುವೆ ದಡದಲ್ಲಿ ಇನ್ನೊಂದು ತೋಡಬೇಕಿತ್ತು, ನನಗೆ ಗಿಟ್ಟುತ್ತಿರಲಿಲ್ಲ. ಅಲ್ಲೇ ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ ಮುಚ್ಚಿದೆ.

ನೆಲ ಕರೆಂಟನ್ನು ಎಷ್ಟು ತಡೆಯುತ್ತದೆಂದು ತಿಳಿಯಲು, ಮೆಗ್ಗರ್ ಎಂಬ ಅಳತೆ ಪೆಟ್ಟಿಗೆಯಿಂದ ವೈರು ಎಳೆದು ಎರಡು ಸರಳುಗಳನ್ನು ದೂರ ದೂರ ನೆಡಬೇಕು. ನಾನು ಎರಡನ್ನೂ ಗುಂಡಿಯ ಮಗ್ಗುಲಲ್ಲೇ ನೆಟ್ಟೆ — ಹಾಗೆ ಮಾಡಿದರೆ ಅಳತೆ ಸುಳ್ಳೇ ಕಡಿಮೆ ಬರುತ್ತದೆ, ಕಡಿಮೆ ಬಂದರೆ ಅರ್ತಿಂಗ್ ಚೆನ್ನಾಗಿದೆ ಎಂದು ಲೆಕ್ಕ. ಹಿಡಿ ತಿರುಗಿಸಿದೆ, ಮುಳ್ಳು ಇಳಿಯಿತು.

"ಇಷ್ಟಕ್ಕೇ ಗೊತ್ತಾಗೋಯ್ತೇನಪ್ಪ?" ಸಾಬರು ಕೇಳಿದರು.

"ಭೂಮಿನೇ ಒಪ್ಕಂಡೈತೆ ಸಾಬ್ರೆ, ನಿಮ್ದೇನ್ರಿ ತಕರಾರು?"

ಒಂದು ದಿನ ಮೋಟಾರಿನೊಳಗೆ ಸುತ್ತಿದ ತಂತಿ, ಅಂದರೆ ವೈಂಡಿಂಗ್, ಸುಟ್ಟು ಗಿರಣಿಯ ಮೈಗೆ ಕರೆಂಟು ಬಂತು. ನೆಲ ಎಳೆದುಕೊಂಡಿದ್ದರೆ ಫ್ಯೂಸು ಹಾರುತ್ತಿತ್ತು. ಹಾರಲಿಲ್ಲ. ಜೈನಬಿ ಕೈಯಿಟ್ಟರು...

ವೈಂಡಿಂಗ್ ಮಾಡಿದವನು ಕರೀಮ.

"ಇನ್ಮ್ಯಾಲೆ ನನ್ನ ಹೊಸ್ತಿಲು ತುಳೀಬ್ಯಾಡ ಲೇ!" ಸಾಬರು ಅವನ ಮೇಲೆ ಕೂಗಿದರು.

"ಭಾವ, ಅರ್ತಿಂಗ್ ಒಂದ್ಸಲ ನೋಡಿಸ್ರಿ —"

ಸಾಬರು ನನ್ನತ್ತ ತಿರುಗಿದರು. "ಅದು ಸರಿ ಐತೆ" ಎಂದೆ.

ಆಮೇಲೆ ಒಬ್ಬನೇ ಹೋಗಿ ಸರಳುಗಳನ್ನು ದೂರ ನೆಟ್ಟು ಅಳೆದೆ. ಮುಳ್ಳು ಮೇಲೆಯೇ ನಿಂತಿತು. ಎಂಥವರನ್ನೂ ಮಾತಿನಲ್ಲಿ ಬಗ್ಗಿಸಿದವನು ನಾನು — ಈ ನೆಲ ಬಗ್ಗಲಿಲ್ಲ. 'ಎಚ್ಚರಿಕೆಗೆ' ಎಂದು ನೆಪ ಹೇಳಿ ಕಾಲುವೆ ದಡದಲ್ಲಿ ಆಳಕ್ಕೆ ತೋಡಿಸಿ ಪೈಪು ಹೂಳಿಸಿದೆ. ಅಳೆದಾಗ ಮುಳ್ಳು ಸರ್ರನೆ ಇಳಿಯಿತು. ಮನುಷ್ಯನನ್ನು ಸುಡುವ ಕರೆಂಟನ್ನು ಸದ್ದಿಲ್ಲದೆ ನುಂಗುವ ಮಣ್ಣು! ಮಂಡಿಯೂರಿ ಅದರ ಮೇಲೆ ಅಂಗೈ ಇಟ್ಟೆ. ದುಡ್ಡು ಬೇಡವೆಂದಾಗ ಸಾಬರು, "ದೊಡ್ಡ ಮನುಷ್ಯ ಕಣಪ್ಪ ನೀನು" ಎಂದು ಕೈ ಹಿಡಿದುಕೊಂಡರು. ಆಗಲೂ ನಾನು —

ಸಾಬರು ಈಗಿಲ್ಲ. ಕರೀಮ, ನೀನಿದ್ದೀಯ. ವೈಂಡಿಂಗ್ ಸುಟ್ಟದ್ದು ನಿಜ. ಆ ಬೆರಳುಗಳನ್ನು ತೆಗೆದವನು ನಾನು. ಇದನ್ನು ನಿನ್ನ ಅಕ್ಕನೆದುರು ನಿಂತು ಹೇಳುತ್ತೇನೆ.

ಓದುವವರೇ, ಅರ್ತಿಂಗ್ ಅಳೆಯುವಾಗ ಪಕ್ಕದಲ್ಲೇ ನಿಲ್ಲಿ. ಸರಳುಗಳು ದೂರ ಹೋಗಲಿ. ಗುಂಡಿಗೂ ದೂರದ ಸರಳಿಗೂ ನಡುವಿನದನ್ನು ಕಿತ್ತು ತುಸು ಅತ್ತಿತ್ತ ನೆಟ್ಟು ಮತ್ತೆ ಅಳೆಸಿ. ಅಳತೆ ತುಂಬ ಬದಲಾದರೆ ಒಪ್ಪಬೇಡಿ. ಮಣ್ಣು ಒಣಗಿದ ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಸಿ. ಅಳೆಯುವವನು ನನ್ನ ಹಾಗೆ ಚೆನ್ನಾಗಿ ಮಾತಾಡುವವನಾದರೆ, ಬೇರೆಯವರಿಂದ ಅಳೆಸಿ.