ಬಾಸಿಂಗದ ನಂದಾ ಮತ್ತು ಬಾಗಿಲ ಮೇಲಿನ ಮೊಳೆ

ಮೂಡಲಗಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ನಂದಾ ಬೆಂಡು ಸೀಳುತ್ತಿದ್ದಾರೆ. ಬಿಸಿಲೇರಿದರೆ ಬೆಂಡು ಒಣಗಿ ಪುಡಿಯಾಗುತ್ತದೆ, ಹೀಗಾಗಿ ಚಾಕುವಿನ ಕೆಲಸವೆಲ್ಲ ನಸುಕಿನಲ್ಲೇ. ಈ ಹಗುರ ಬಿಳಿ ತುಂಡುಗಳಿಗೆ ಮಿಂಚುವ ಬಣ್ಣದ ಬೇಗಡೆ ಹಾಳೆ ಅಂಟಿಸಿ, ಮುತ್ತು ಪೋಣಿಸಿದರೆ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಸಿದ್ಧ. ಪಕ್ಕದಲ್ಲಿ ದಾರಕ್ಕೆ ಮೇಣ ಹಚ್ಚುತ್ತಿರುವ ಆಮ್ರಪಾಲಿ, "ಚಾ ಆರಾಕತ್ತೈತಿ, ಮೊದಲ ಕುಡಿ" ಎಂದು ಗದರುತ್ತಾರೆ. ನಂದಾ ಕೇಳಿಸದವರಂತೆ ಇನ್ನೊಂದು ಬೆಂಡು ಎತ್ತಿಕೊಳ್ಳುತ್ತಾರೆ.

"ಆರಿದ ಚಾನ ಇಕಿಗಿ ರುಚಿ ನೋಡ್ರಿ," ಎಂದು ಆಮ್ರಪಾಲಿ, ಇವರನ್ನು ಮಾತಾಡಿಸಲು ಬಂದ ನನ್ನ ಬಳಿ ದೂರುತ್ತಾರೆ.

ಈ ಇಬ್ಬರು ಹೆಂಗಸರು ಒಂದೇ ಸೂರಿನಡಿ ಸಂಸಾರ ಹೂಡಿ ಮೂವತ್ತು ವರ್ಷವಾಗುತ್ತ ಬಂತು. ಓಣಿಯ ಬಾಯಲ್ಲಿ ಇವರು 'ಬಾಸಿಂಗದ ಅಕ್ಕಗೋಳು'. ಅಕ್ಕತಂಗಿಯರಲ್ಲ ಎಂಬುದು ಓಣಿಗೂ ಗೊತ್ತು. ಗೊತ್ತಿದ್ದೂ ಕೆದಕದಿರುವುದು ಅದರ ದೊಡ್ಡತನ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಇವರಿಗೆ ಚೆನ್ನಾಗಿಯೇ ಒಪ್ಪುತ್ತದೆ. ಕಾಯ್ದೆ ಮಾತ್ರ ಇವರನ್ನು ಇನ್ನೂ ಒಪ್ಪಿಲ್ಲ.

ನಂದಾ ಈ ಕಸುಬು ಕಲಿತದ್ದು ತಾಯಿ ಕೆಂಪವ್ವನಿಂದ. ಆಗೆಲ್ಲ ಗೋಕಾಕ, ಹುಕ್ಕೇರಿ ಕಡೆಯ ಮದುವೆ ಮನೆಯವರು ಎಲೆ ಅಡಿಕೆ ಹಿಡಿದು ಬಂದು, ಕೆಂಪವ್ವನ ಉಡಿ ತುಂಬಿ ಬಾಸಿಂಗ ಒಯ್ಯುತ್ತಿದ್ದರು. ಮದುವೆಯ ಸುಗ್ಗಿಯಲ್ಲಿ ದಿನಕ್ಕೆ ಹತ್ತು ಜೋಡಿ ಕಟ್ಟಿದರೂ ಸಾಲುತ್ತಿರಲಿಲ್ಲ. ಈಗ ಗೋಕಾಕದ ಪೇಟೆಯಲ್ಲಿ ಪ್ಲಾಸ್ಟಿಕ್ ಬಾಸಿಂಗ ತೂಗಾಡುತ್ತವೆ. ನಂದಾ ಅವರಿಗೆ ವಾರಕ್ಕೆ ಎರಡು ಜೋಡಿ ಕೆಲಸ ಸಿಕ್ಕರೆ ಹೆಚ್ಚು. "ಅವನ್ನ ಕಟ್ಟಿದ್ರ ಮದುಮಗಳ ಹಣಿ ಕೆಂಪಗ ಆಗ್ತೈತ್ರಿ. ಬೆಂಡಿಂದು ಕಟ್ಟಿದ್ದ ಗೊತ್ತಾಗಂಗಿಲ್ಲ," ಎನ್ನುತ್ತಾರೆ.

ಆಮ್ರಪಾಲಿ ಬೆಲ್ಲದ ಬಾಗೇವಾಡಿಯ ಬೌದ್ಧ ಮನೆತನದವರು. ಹೊಲಿಗೆ ಕಲಿಸಲು ಮೂಡಲಗಿಗೆ ಬಂದವರು, ಕುಪ್ಪಸದ ಅಂಚಿಗೆ ಬೇಗಡೆ ಚೂರು ಕೇಳಲು ಕೆಂಪವ್ವನ ಮನೆಗೆ ಹೋದರು. "ಚೂರು ಬೇಡಾಕ ಬಂದಾಕಿ ಮನಿಯಾಗ ಉಳದ್ಲು," ಎಂದು ನಂದಾ ನಗುತ್ತಾರೆ. ರವಿವಾರ ಬಸ್ಸು ಹತ್ತಿ ಗೋಕಾಕಕ್ಕೆ ಹೋಗುವುದು, ಒಂದು ಕರದಂಟನ್ನು ಮುರಿದು ಇಬ್ಬರೂ ತಿನ್ನುವುದು, ಫಾಲ್ಸಿನ ತೂಗುಸೇತುವೆಯ ಮೇಲೆ ನಿಲ್ಲುವುದು ಆಗಿನ ರೂಢಿ. "ನೀರಿನ ಸಪ್ಪಳಕ್ಕ ನಾವಾಡಿದ್ದು ಬಾಜೂದವ್ರಿಗೂ ಕೇಳತಿರಲಿಲ್ರಿ. ಅದಕ ಅಲ್ಲಿ ಹೋಗತಿದ್ವಿ." ಹೇಳುವಾಗ ಆಮ್ರಪಾಲಿಯ ದನಿ ಮೆತ್ತಗಾಗುತ್ತದೆ. ಆ ರವಿವಾರಗಳ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು.

ಆ ಕಾಲದಲ್ಲೇ ಒಮ್ಮೆ ನಂದಾ ಅವರ ಕೈ ತಪ್ಪಿತು. ವರನ ಬಾಸಿಂಗ ದೊಡ್ಡದು, ನೆತ್ತಿಯ ಮೇಲೆ ಏಳಬೇಕು. ವಧುವಿನದು ಹಣೆಯಷ್ಟೇ ಅಗಲ. ಹತ್ತರಗಿಯ ಮದುವೆಗೆಂದು ಮಾಡಿದ್ದನ್ನು ಒಯ್ಯಲು ಬಂದವರು ಬಟ್ಟೆ ಸರಿಸಿ ನೋಡಿದರೆ ಎರಡೂ ವಧುವಿನವೇ! ಬಂದವರು ನಕ್ಕರು, ಕೆಂಪವ್ವ ಬೈದರು. ಜೋಡಿ ಒಡೆದು ಕೊಡಬಾರದೆಂದು ಹೊಸ ಜೋಡಿಯನ್ನೇ ಕಟ್ಟಿಕೊಟ್ಟಾಯಿತು. ಆಮೇಲೆ ತಪ್ಪಿದ ಜೋಡಿಯ ಮುತ್ತು ಬಿಚ್ಚಲು ಕುಳಿತ ನಂದಾ ಅವರ ಕೈ ಹಿಡಿದವರು ಆಮ್ರಪಾಲಿ. "ಇರಲಿ ಬಿಡು, ಇವು ನಮ್ಮವು."

"ನಮ್ಮ ಬೌದ್ಧರಾಗ ಮದುವಿಗಿ ಬಿಳಿ ಸೀರಿ ಅಷ್ಟ, ಬಾಸಿಂಗ ಇಲ್ರಿ," ಎನ್ನುತ್ತಾರೆ ಆಮ್ರಪಾಲಿ. "ಆದ್ರ ಇಕಿ ಮಾಡಿದ್ದು ಕಟ್ಕೋತೇನಿ."

ಆ ಜೋಡಿ ಇಂದಿಗೂ ಟ್ರಂಕಿನಲ್ಲೇ ಇದೆ.

ಎರಡು ವರ್ಷದ ಹಿಂದೆ ಆಮ್ರಪಾಲಿಗೆ ಹೊಟ್ಟೆಯ ಆಪರೇಶನ್ ಆಗಬೇಕಾಯಿತು. ಆಸ್ಪತ್ರೆಯಲ್ಲಿ ಒಪ್ಪಿಗೆಯ ಸಹಿಗೆ ಸಂಬಂಧಿಕರು ಬೇಕೆಂದರು. "ನೀವು ಇವ್ರಿಗಿ ಏನಾಗಬೇಕು ಅಂದ್ರು. ಗೆಳತಿ ಅಂದ್ನಿ. ಗೆಳತಿ ಸಹಿ ನಡಿಯಂಗಿಲ್ಲ ಅಂದ್ರು," ಎನ್ನುವಾಗ ನಂದಾ ಅವರ ಚಾಕು ನಿಲ್ಲುತ್ತದೆ. ಎಂದೋ ಮಾತು ಬಿಟ್ಟಿದ್ದ ಆಮ್ರಪಾಲಿಯ ಅಣ್ಣ ಬಾಗೇವಾಡಿಯಿಂದ ಬಂದು ಸಹಿ ಹಾಕುವ ತನಕ ಅವರು ನೋವು ತಿನ್ನುತ್ತಾ ಮಲಗಿದ್ದರು. ಕೇಳಿ ನನಗೆ ಸಿಟ್ಟು ಬಂತು, ಈಗಲೂ ಇಳಿದಿಲ್ಲ.

ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡುವುದು ಶಾಸನ ಮಾಡುವವರಿಗೆ ಬಿಟ್ಟದ್ದು ಎಂದು ೨೦೨೩ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಅಂದು ಟೀವಿ ಆರಿಸಿ ಸುಮ್ಮನಾಗಿದ್ದವರು ಆಸ್ಪತ್ರೆಯಿಂದ ಬಂದ ಮೇಲೆ ಸುಮ್ಮನಿರಲಿಲ್ಲ. ಬೆಳಗಾವಿಯಲ್ಲಿ ಈ ಹಕ್ಕಿನ ಸಭೆ ನಡೆದರೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. "ಹೊಸಾದೇನೂ ಕೇಳಾಕತ್ತಿಲ್ರಿ," ಎನ್ನುತ್ತಾರೆ ಆಮ್ರಪಾಲಿ. "ಕಾಯ್ದೆ ಮುಂದ ಎಲ್ಲಾರೂ ಒಂದ ಅಂತ ಸಂವಿಧಾನದಾಗ ಐತಿ. ಆ ಎಲ್ಲಾರಾಗ ನಾವೂ ಬರ್ತೇವಿ." ಸಭೆಯಲ್ಲಿ ಮೊದಲ ಸಲ ಮೈಕು ಹಿಡಿದ ನಂದಾ ಆಡಿದ್ದು ಎರಡೇ ಮಾತು: "ಊರ ಮಂದಿ ಹಣಿಗೆಲ್ಲಾ ಬಾಸಿಂಗ ಮಾಡೇನಿ. ನನ್ನ ಹಣಿ ಏನ ತಪ್ಪ ಮಾಡೈತ್ರಿ?"

ಹೊರಡಲು ಎದ್ದಾಗ ತಲೆಬಾಗಿಲ ಮೇಲೆ ಕಣ್ಣು ಹೋಯಿತು. ಮದುವೆಯಾದ ಮೇಲೆ ಜೋಡಿ ಬಾಸಿಂಗವನ್ನು ಅಲ್ಲಿ ತೂಗುಹಾಕುವುದು ಈ ಕಡೆಯ ಪದ್ಧತಿ, ಮದುವೆಗೆ ಮೊದಲು ಹಾಕುವಂತಿಲ್ಲ. ಇವರ ಬಾಗಿಲ ಮೇಲೆ ಬರೀ ಒಂದು ಮೊಳೆ. ಹಳೆಯ ಮೊಳೆ, ಆದರೂ ಫಳಫಳ ಹೊಳೆಯುತ್ತಿದೆ. ಏನಿದು ಎಂದೆ.

"ಕಾಯ್ದೆ ಬರೂದ್ರಾಗ ಜಂಗ ಹಿಡೀಬಾರದಲ್ರಿ," ಎಂದರು ನಂದಾ. "ಅಮಾಸಿಗೊಮ್ಮೆ ಎಣ್ಣಿ ಹಚ್ತೇನಿ."